ಹೊನ್ನಗವಿಯ ಮುಗಿಲು

ಆ ಬೇಸಿಗೆ ಹೊನ್ನಗವಿಯಲ್ಲಿ ಬೆಳಗಾಗುವುದು ನಿಂತುಹೋಯಿತು.

ಹೊನ್ನಗವಿ ನೆಲದ ಮೇಲಿನ ಊರಲ್ಲ. ಒಂದು ಕಾಲಕ್ಕೆ ಅದು ಚಿನ್ನದ ಗಣಿ. ಚಿನ್ನ ತೀರಿದ ಮೇಲೆ ಎಷ್ಟೋ ವರ್ಷ ಬಾವಲಿಗಳ ಪಾಲಾಗಿತ್ತು. ರಾಯಚೂರು ಸೀಮೆಯ ಬಿಸಿಲು ಮನುಷ್ಯರು ತಾಳುವ ಹದ ಮೀರಿದಾಗ ಸುತ್ತಲಿನ ಹಳ್ಳಿಗಳ ಜನ ಹಾಸಿಗೆ, ಪಾತ್ರೆ, ಕೋಳಿ, ಮೇಕೆಗಳ ಸಮೇತ ಅದರೊಳಕ್ಕೆ ಇಳಿದರು. ಅದಿರು ತೆಗೆದು ತೆಗೆದು ಟೊಳ್ಳಾಗಿದ್ದ ದೊಡ್ಡ ಗವಿಯೊಂದರಲ್ಲಿ ಓಣಿಗಳಾದವು, ಮನೆಗಳಾದವು, ಶಾಲೆಯಾಯಿತು, ಕಾಯಿಪಲ್ಯದ ಮಡಿಗಳಾದವು. ಗವಿಯ ಚಾವಣಿಗೆ ತುದಿಯಿಂದ ತುದಿಗೆ ಬೆಳಕಿನ ಹಾಳೆಗಳನ್ನು ಹೊದಿಸಿ ಅಲ್ಲೊಂದು ಆಕಾಶ ಮಾಡಿದರು. ಜನ ಅದನ್ನು ಮುಗಿಲು ಎಂದೇ ಕರೆದರು. ಮುಗಿಲು ನಸುಗೆಂಪಾಗಿ ಬೆಳಗಾಗುತ್ತಿತ್ತು, ಬೆಳ್ಳಗೆ ಮಧ್ಯಾಹ್ನವಾಗುತ್ತಿತ್ತು, ಅರಿಸಿನ ಕಲಸಿದಂತೆ ಸಂಜೆಯಾಗುತ್ತಿತ್ತು. ಅದರ ಬೆಳಕಿಗೇ ಮಡಿಗಳು ಚಿಗುರುತ್ತಿದ್ದವು, ಆ ಹಸಿರೇ ಊರಿಗೆ ಉಸಿರು ಕೊಡುತ್ತಿತ್ತು.

ಮುಗಿಲನ್ನು ನಡೆಸುತ್ತಿದ್ದುದು ಒಂದು ಕಂಪ್ಯೂಟರ್. ಅದಕ್ಕೆ ಎರಡು ಪ್ರೊಸೆಸರ್, ಎರಡು ಮಿದುಳು ಎನ್ನಿ. ಒಂದು ಎಚ್ಚರವಿದ್ದು ಕೆಲಸ ಮಾಡುವಾಗ ಇನ್ನೊಂದು ನಿದ್ದೆ ಮಾಡುತ್ತಿತ್ತು. ತಾನು ಕಂಡದ್ದನ್ನೆಲ್ಲ ಆ ನಿದ್ದೆಯಲ್ಲಿ ಮಗುಚಿ ನೋಡಿ, ಬೇಡದ್ದನ್ನು ಮರೆತು, ಬೇಕಾದ್ದನ್ನು ಒಪ್ಪವಾಗಿ ಎತ್ತಿಡುತ್ತಿತ್ತು. ನಿದ್ದೆಗೆಟ್ಟರೆ ಮನುಷ್ಯರಂತೆ ಅವಕ್ಕೂ ತಲೆ ಕೆಡುತ್ತಿತ್ತು. ಊರವರ ಬಾಯಲ್ಲಿ ಮೊದಲು ಕೂರಿಸಿದ್ದು ಹಿರಿಯಾಕಿ, ಆಮೇಲೆ ಬಂದದ್ದು ಕಿರಿಯಾಕಿ. ಊರು ಹುಟ್ಟಿದಾಗಿನಿಂದ ಇಬ್ಬರೂ ಒಟ್ಟಿಗೆ ಮಲಗಿದ್ದೇ ಇಲ್ಲ.

ಆದರೆ ಆ ವರ್ಷ ದೊಡ್ಡ ವಿದ್ಯುತ್ ಕೇಬಲ್ ಸುಟ್ಟುಹೋಗುವಷ್ಟು ಹಳತಾಗಿತ್ತು. ಅದನ್ನು ಬದಲಿಸಲು ಇಬ್ಬರನ್ನೂ ಒಮ್ಮೆ ಒಟ್ಟಿಗೇ ಮಲಗಿಸಲೇಬೇಕಾಯಿತು. ಸಂಜೆಗೆಲ್ಲ ಕೇಬಲ್ ಕೆಲಸ ಮುಗಿಯಿತು. ಕಂಟ್ರೋಲ್ ರೂಮಿನ ಎಂಜಿನಿಯರ್ ಅಮರೇಶ್ವರಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಹಸಿರು ದೀಪ ಹೊತ್ತಿತು. ಮುಂದೇನೂ ಆಗಲಿಲ್ಲ.

"ಇನ್ನೊಮ್ಮೆ ಒತ್ತಿ ನೋಡವಾ," ಎಂದರು ಪಕ್ಕದಲ್ಲಿದ್ದ ಜುಲೇಖಾ. ಅಮರೇಶ್ವರಿಗೆ ಈ ಕೆಲಸ ಕಲಿಸಿದವರೇ ಅವರು; ಅವಳು ಅವರನ್ನು ಅಕ್ಕನಂತೆ ಆಪಾ ಎನ್ನುತ್ತಿದ್ದಳು.

ಇನ್ನೊಮ್ಮೆ ಒತ್ತಿದರೂ ಅಷ್ಟೇ. ಫ್ಯಾನಿನ ಸದ್ದು, ಹಸಿರು ದೀಪ, ಕಪ್ಪು ಪರದೆ.

ಇಬ್ಬರೂ ತೋಳೇರಿಸಿ ಕೂತರು. ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಿದರು. ಬರುತ್ತಿತ್ತು. ನೆನಪಿನ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು, ತುದಿಗಳನ್ನು ಒರೆಸಿ, ಸ್ಥಳ ಬದಲಿಸಿ ಕೂರಿಸಿದರು. ಬೇಡದ ಕಾರ್ಡುಗಳನ್ನೆಲ್ಲ ತೆಗೆದು, ಏಳುವುದಕ್ಕೆ ಎಷ್ಟು ಬೇಕೋ ಅಷ್ಟೇ ಉಳಿಸಿದರು. ಕಂಪ್ಯೂಟರ್ ಏಳಲಿಲ್ಲ. ಹೊರಗೆ ಓಣಿಯ ಮೂಲೆಗಳಲ್ಲಿ ಆಪತ್ತಿನ ಹಳದಿ ದೀಪಗಳಷ್ಟೇ ಉರಿಯುತ್ತಿದ್ದವು. ಅವುಗಳ ಮೇಲೆ, ಮುಗಿಲಿದ್ದ ಕಡೆ, ಬರೀ ಕಲ್ಲು.

ಅಮರೇಶ್ವರಿ ಮನೆಗೆ ಬಂದಾಗ ಅತ್ತೆ ತಾಯಮ್ಮ ರೊಟ್ಟಿ ಬಡಿಯುತ್ತಿದ್ದರು. ಅಚ್ಚರಿಯೆಂದರೆ, ಗಂಡ ಹುಲಿಗೇಶನೂ ಮನೆಯಲ್ಲೇ ಇದ್ದ. ಗಣಿಯ ತಳದಲ್ಲಿ ಊರುವ ನೀರನ್ನು ಮೇಲೆತ್ತುವ ಪಂಪುಗಳ ಮೇಲೆ ಅವನ ಕೆಲಸ. ಅವನದು ಒಂದು ಪಾಳಿ, ಅವಳದು ಇನ್ನೊಂದು. ಮದುವೆಯಾದಾಗಿನಿಂದ ಅವಳು ಬರುವಾಗ ಅವನು ಹೊರಡುತ್ತಿದ್ದ. ಅವನು ಎದ್ದುಹೋದ ಹಾಸಿಗೆ ಅವಳಿಗೆ ಬೆಚ್ಚಗೆ ಸಿಗುತ್ತಿತ್ತು. ಈಗ ಮುಗಿಲಿಲ್ಲದೆ ಪಾಳಿಗಳೆಲ್ಲ ಕಲಸಿಹೋಗಿ, ಅವನು ಅಂಗಿ ಬಿಚ್ಚಿಟ್ಟು ಗೋಡೆಗೆ ಒರಗಿ ಕೂತಿದ್ದ.

"ನೀನು ಉಣ್ಣೂವಾಗ ಶೇಂಗಾ ಹಿಂಡಿಗೆ ಎಣ್ಣಿ ಹಾಕ್ಕೊಳ್ಳೂದಿಲ್ಲೇನು?" ಎಂದು ಕೇಳಿದ, ಅವಳ ತಾಟನ್ನೇ ನೋಡುತ್ತ.

"ಇಲ್ರಿ. ಮೊದಲಿಂದಾನೂ ಇಲ್ಲ."

"ನನಗ ಗೊತ್ತಿರಲಿಲ್ಲ ನೋಡು."

ತಾಯಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಅಮರೇಶ್ವರಿಗೆ ನಗು ಬಂದರೂ ನಾಚಿಕೆಯೂ ಆಯಿತು, ಹೊಸ ಮದುವಣಗಿತ್ತಿಯ ಹಾಗೆ.

ಊರಿನಲ್ಲಿ ಆಮೇಲೆ ಒಂದು ವಿಚಿತ್ರ ಕಾಲ ಶುರುವಾಯಿತು. ಯಾರು ಯಾವಾಗ ಮಲಗುತ್ತಾರೆ, ಯಾವಾಗ ಏಳುತ್ತಾರೆ ಎಂಬುದಕ್ಕೆ ಲೆಕ್ಕವಿಲ್ಲ. ಗೋಡೆ ಗಡಿಯಾರಗಳು ನಡೆಯುತ್ತಲೇ ಇದ್ದವು, ಆದರೆ ಮೈ ಅವನ್ನು ನಂಬಲಿಲ್ಲ. ಒಂದು ಮನೆಯಲ್ಲಿ ಒಗ್ಗರಣೆಯ ವಾಸನೆ, ಪಕ್ಕದ ಮನೆಯಲ್ಲಿ ಗೊರಕೆ. ಗೂಡು ಹತ್ತಿದ ಕೋಳಿಗಳು ಇಳಿಯಲೇ ಇಲ್ಲ. ಶಾಲೆಯ ಗಂಟೆ ಬಾರಿಸಿದರೆ ಅರ್ಧ ಮಕ್ಕಳು ಆಕಳಿಸುತ್ತ ಬಂದರು, ಅರ್ಧ ಮಕ್ಕಳು ಬರಲೇ ಇಲ್ಲ. ಯಾರೂ ಹೇಳದಿದ್ದರೂ ಜನರ ದನಿ ತಗ್ಗಿತು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ಹೆಂಗಸರು ತಮಗೆ ಬಿದ್ದ ಕನಸುಗಳನ್ನು ಒಬ್ಬರಿಗೊಬ್ಬರು ಹೇಳತೊಡಗಿದರು. ಒಬ್ಬಳಿಗೆ ಆಕಾಶ ಅಂಗಳಕ್ಕಿಳಿದು ಹಾಸಿಗೆಯಂತೆ ಮಡಚಿಕೊಂಡಿತ್ತಂತೆ. ಇನ್ನೊಬ್ಬಳು ಮೋಡವನ್ನು ಮೊರದಲ್ಲಿ ಕೇರುತ್ತಿದ್ದಳಂತೆ. ಕೇಳುತ್ತ ನಿಂತವರಿಗೆ ತಾವು ಎದ್ದಿದ್ದೇವೋ ಇನ್ನೂ ಮಲಗಿದ್ದೇವೋ ಎಂಬ ಅನುಮಾನ.

ಆದರೆ ಮಡಿಗಳಲ್ಲಿ ಮೆಂತೆ, ರಾಜಗಿರಿ ಹಳದಿಯಾಗತೊಡಗಿದ್ದವು. ಗವಿಯ ಗಾಳಿ ದಪ್ಪಗಾಗುತ್ತಿತ್ತು. ಏರು ಹತ್ತಿದರೆ ಗಟ್ಟಿಮುಟ್ಟಾದವರಿಗೂ ಏದುಸಿರು ಬರುತ್ತಿತ್ತು.

ಊರಿನ ಆಡಳಿತ ನೋಡುತ್ತಿದ್ದ ಮಹಾಂತಗೌಡರು ಕಂಟ್ರೋಲ್ ರೂಮಿಗೆ ಬಂದರು. ಕೆಟ್ಟ ಮನುಷ್ಯರಲ್ಲ. ಅವರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು.

"ಅಮರೇಶ್ವರಿ, ಗಾಳಿ ಇನ್ನ ಭಾಳ ತಡಿಯೂದಿಲ್ಲ. ಆಗೂದಿಲ್ಲಂದ್ರ ಜನಾನ ಮ್ಯಾಲ ಕಳಸಬೇಕಾಗ್ತದ. ಮ್ಯಾಲ ಈಗ ಎಂಥಾ ಬಿಸಿಲೈತಿ ನಿನಗ ಗೊತ್ತೈತಿ. ಟೆಂಟಿನಾಗ ಮುದುಕರು, ಬಾಣಂತ್ಯಾರು ಉಳಿತಾರೇನು?"

"ಇಲ್ರಿ, ಗೌಡ್ರ."

"ಹಂಗಾರ ಒಬ್ಬಾಕಿನ್ನ ತಗದು, ಒಬ್ಬಾಕಿ ಮ್ಯಾಲ ನಡಸು. ಒಂದ ಪ್ರೊಸೆಸರ್ ಮ್ಯಾಲ ನಡಸೂ ದಾರಿ ಐತಲ್ಲ?"

ದಾರಿಯೇನೋ ಇತ್ತು. ಪ್ರೊಸೆಸರ್ ಕೂರುವ ಎರಡು ಪೀಠಗಳಲ್ಲಿ ಒಂದನ್ನು ಖಾಲಿ ಮಾಡಿ, ಸಂಕೇತಗಳು ಅಲ್ಲಿ ಬಡಿದು ಹಿಂದಕ್ಕೆ ಬಂದು ಗೊಂದಲ ಮಾಡದಂತೆ ಒಂದು ಬಿಲ್ಲೆ ಸಿಕ್ಕಿಸಿದರೆ, ಉಳಿದವಳು ಒಂಟಿಯಾಗಿ ಏಳುತ್ತಾಳೆ. ಪ್ರತಿ ಹೆಜ್ಜೆಗೂ ಇನ್ನೊಬ್ಬಾಕೆಯನ್ನು ಕೇಳಿ ತಾಳೆ ನೋಡುವ ಕಾವಲನ್ನು ಕಿತ್ತುಹಾಕಿದರೆ ಮುಗಿಲನ್ನೂ ನಡೆಸುತ್ತಾಳೆ. ಆದರೆ ಅವಳಿಗೆ ಮಲಗಲು ಬಿಡುವಿರುವುದಿಲ್ಲ. ಕರಿಗುಡ್ಡವೆಂಬ ಇನ್ನೊಂದು ಗಣಿ ಊರಿನಲ್ಲಿ ಹಾಗೆ ಮಾಡಿದ್ದರು. ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಅಲ್ಲಿ ಒಂದು ಮಧ್ಯಾಹ್ನ ಬಂದದ್ದು ಹೋಗಲೇ ಇಲ್ಲ. ನಿದ್ದೆಗೆಟ್ಟ ಪ್ರೊಸೆಸರ್ ಸಂಜೆ ಎಂದರೇನು ಎಂಬುದನ್ನೇ ಮರೆತಿತ್ತು. ಜನ ಕಿಟಕಿಗೆ ಗೋಣಿ ಕಟ್ಟಿ, ಮಂಚದ ಕೆಳಗೆ ಸೇರಿ, ಕೊನೆಗೆ ಊರನ್ನೇ ಬಿಟ್ಟರು.

"ನಮ್ಮದೂ ಕರಿಗುಡ್ಡ ಆಗೂದು ಬ್ಯಾಡ್ರಿ. ಸ್ವಲ್ಪ ಟೈಮ್ ಕೊಡ್ರಿ," ಎಂದಳು.

ಗೌಡರು "ಗಾಳಿ ಕೊಟ್ಟಷ್ಟು ಟೈಮ್ ನಾನೂ ಕೊಡ್ತೀನಿ," ಎಂದು ಎದ್ದುಹೋದರು.

ಒಂಟಿಯಾಗಿ ನಡೆಸುವ ಮನಸ್ಸು ಇಲ್ಲದಿದ್ದರೂ, ಇಬ್ಬರಲ್ಲಿ ಯಾರಿಗೆ ಕಾಯಿಲೆ ಎಂದು ತಿಳಿಯಲು ಒಬ್ಬೊಬ್ಬರನ್ನೇ ಎಬ್ಬಿಸಿ ನೋಡುವುದು ಸರಿಯೆನಿಸಿತು. ಮೊದಲು ಕಿರಿಯಾಕಿಯನ್ನು ತೆಗೆದಿಟ್ಟು, ಖಾಲಿ ಪೀಠಕ್ಕೆ ಬಿಲ್ಲೆ ಹಾಕಿ ಗುಂಡಿ ಒತ್ತಿದರು. ಒಂದು ಸಣ್ಣ ಸಿಳ್ಳು ಕೇಳಿಸಿತು. ಹಿರಿಯಾಕಿ ಎದ್ದಳು! ಕೋಣೆಯ ಗೋಡೆಗೆ ಪರೀಕ್ಷೆಗೆಂದು ಅಂಟಿಸಿದ್ದ ಅಂಗೈಯಗಲದ ಬೆಳಕಿನ ಹಾಳೆಯ ಮೇಲೆ ನಸುಗೆಂಪು ಹರಡಿ, ಕೆಳಗಿನ ಅಂಚು ಬೆಚ್ಚಗಾಯಿತು. ಬೆಳಗು. ಅಷ್ಟು ಕತ್ತಲೆಯ ನಂತರ ಆ ಚೂರು ಬೆಳಗನ್ನು ಕಂಡು ಜುಲೇಖಾರ ಕಣ್ಣು ತುಂಬಿತು.

ಅವಳನ್ನು ಮಲಗಿಸಿ, ಕಿರಿಯಾಕಿಯನ್ನು ಕೂರಿಸಿ ಗುಂಡಿ ಒತ್ತಿದರು. ಅದೇ ಸಿಳ್ಳು. ಕಿರಿಯಾಕಿಯೂ ಎದ್ದಳು. ಅದೇ ಹಾಳೆಯ ಮೇಲೆ ಈ ಸಲ ಅರಿಸಿನ ಬಣ್ಣ ಇಳಿಯಿತು, ಮೇಲ್ಗಡೆ ನೀಲಿ ಕಪ್ಪಾಗುತ್ತ ಬಂತು.

"ಸಂಜಿ," ಎಂದರು ಜುಲೇಖಾ ಪಿಸುದನಿಯಲ್ಲಿ.

"ಆಪಾ," ಎಂದಳು ಅಮರೇಶ್ವರಿ, "ಇಬ್ಬರಿಗೂ ಏನೂ ಆಗಿಲ್ಲ. ಹಿರಿಯಾಕಿಗೆ ಈಗ ಮುಂಜಾನಿ, ಕಿರಿಯಾಕಿಗೆ ಈಗ ಸಂಜಿ. ಎದ್ದ ಕೂಡ್ಲೆ ಇಬ್ಬರೂ ಒಬ್ಬರನ್ನೊಬ್ಬರು ಹೊತ್ತೆಷ್ಟು ಅಂತ ಕೇಳ್ತಾರ. ಹೊತ್ತಿಗೆ ಹೊತ್ತು ಕೂಡಲಿಲ್ಲಂದ್ರ ಎದರಿಗಿದ್ದಾಕಿಗೆ ತಲಿ ಕೆಟ್ಟೈತಿ ಅಂತ ತಿಳಕೊಂಡು ಇಬ್ಬರೂ ಕೆಲಸ ಹಿಡಿಯೂದಿಲ್ಲ."

"ಇಷ್ಟು ವರ್ಷ ಹೆಂಗ ನಡೀತು ಮತ್ತ?"

ಅಮರೇಶ್ವರಿಗೆ ಅದೂ ಹೊಳೆಯಿತು. ಪಾಳಿ ವಹಿಸಿಕೊಳ್ಳುವಾಗ ಏಳುವವಳು ಮಲಗುವವಳನ್ನು ಕೇಳಿ ಆ ಹೊತ್ತಿನಂತೆ ನಡೆಯುತ್ತಿದ್ದಳು. ಅವರವರ ಸ್ವಂತ ಗಡಿಯಾರ ಒಳಗೊಳಗೇ ಬೇರೆ ದಾರಿ ಹಿಡಿದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಇಬ್ಬರೂ ಒಟ್ಟಿಗೆ ಮಲಗಿದಾಗ, ಕೇಳಲು ಎಚ್ಚರವಿದ್ದವರು ಯಾರೂ ಉಳಿಯಲಿಲ್ಲ. ಒಬ್ಬಳನ್ನು ಎಬ್ಬಿಸಿಟ್ಟು ಇನ್ನೊಬ್ಬಳನ್ನು ಕೂರಿಸೋಣವೆಂದರೆ, ಕರೆಂಟು ಹರಿಯುವಾಗ ಪೀಠಕ್ಕೆ ಕೈ ಹಚ್ಚುವಂತಿಲ್ಲ.

ಹಾಗಾದರೆ ಇಬ್ಬರಿಗೂ ಸರಿಯಾದ ಹೊತ್ತನ್ನು ಬರೆದುಕೊಟ್ಟರಾಯಿತಲ್ಲ? ಅದೇ ಆಗದ ಮಾತು. ಹೊನ್ನಗವಿಯ ಗಡಿಯಾರಕ್ಕೆ ಮನುಷ್ಯರ ಕೈ ಹೋಗದಂತೆ ಕಟ್ಟಿದ್ದರು. ಕೀಲಿಮಣೆಯಿಂದ ಏನು ಬರೆದರೂ ಇಬ್ಬರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅಮರೇಶ್ವರಿ ಮನೆಗೆ ಬಂದು ಸೋತು ಕೂತಳು. ಹುಲಿಗೇಶ ನೀರು ಕೊಟ್ಟ. ಅವಳು ಇದ್ದದ್ದನ್ನೆಲ್ಲ ಹೇಳಿದಳು.

"ಗಡಿಯಾರಕ್ಕ ಆ ಕಾವಲು ಹಾಕಿಸಿದವರು ನಾವ," ಎಂದರು ತಾಯಮ್ಮ, ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ. "ಮೊದಲ ವರ್ಷ ಒಬ್ಬ ಗುತ್ತಿಗೆದಾರ ಇದ್ದ. ಸುರಂಗ ತೋಡಸಾಕ ಸಂಜಿನ್ನ ತಡಾ ಮಾಡಸ್ತಿದ್ದ. ದಿವಸಾ ಒಂದೀಟು, ಒಂದೀಟು. ಗಂಡಸರು ಮನಿಗೆ ಬಂದು ಉಣ್ಣಲಾರದ ಬೀಳ್ತಿದ್ರು. ಗೊತ್ತಾದ ಮ್ಯಾಲ ನಾವು ಹೆಣ್ಣಮಕ್ಕಳೆಲ್ಲ ಆ ರೂಮಿನ ಬಾಗಲ ಮುಂದ ಕುಂತ್ವಿ. ಹೊತ್ತು ಸೂರ್ಯಾನ ಕೈಯಾಗ ಇರಬೇಕು, ಮನಷ್ಯಾರ ಕೈಯಾಗಲ್ಲ ಅಂದ್ವಿ. ಒಪ್ಪೂತನಾ ಏಳಲಿಲ್ಲ."

ಅಮರೇಶ್ವರಿ ಲೋಟ ಕೆಳಗಿಟ್ಟಳು.

"ಅತ್ತೀ, ಸೂರ್ಯಾನ ಕೈಯಾಗ ಅಂದ್ರ? ಇಲ್ಲಿ ಕೆಳಗ ಸೂರ್ಯಾ ಎಲ್ಲಿ ಕಂಡ?"

"ಮ್ಯಾಲ ಕಣ್ಣು ಇಟ್ಟಾರಲ್ಲವಾ. ಲಿಫ್ಟಿನ ಗೋಪುರದ ತುದಿಗೆ. ಅದನ್ನ ಏರಿಸೂ ದಿನ ನಾವೆಲ್ಲ ಹೋಗಿ ನೋಡಿ ಬಂದೀವಿ."

ಕಣ್ಣಿನ ವಿಷಯ ಅಮರೇಶ್ವರಿಗೆ ಗೊತ್ತಿರಲಿಲ್ಲವೆಂದಲ್ಲ. ಅದರ ತಂತಿ ಕಂಪ್ಯೂಟರಿನ ಬೆನ್ನಿಗೆ ಬಂದು ಸೇರುವುದನ್ನು ದಿನವೂ ನೋಡುತ್ತಿದ್ದಳು. ತಂತಿ ಇದೆ, ಕಣ್ಣೂ ಇದೆ ಎಂದು ಅದರ ಪಾಡಿಗೆ ಬಿಟ್ಟಿದ್ದಳು. ಮುಗಿಲು ಅಷ್ಟು ಚೆಂದ ಬೆಳಗಾಗುತ್ತಿದ್ದಾಗ ಕಣ್ಣು ನೋಡುತ್ತಿದೆಯೋ ಇಲ್ಲವೋ ಎಂದು ಯಾರಿಗೆ ಅನುಮಾನ ಬರಬೇಕು? ಆ ಕಣ್ಣು ಸೂರ್ಯ ಹುಟ್ಟುವುದನ್ನು ದಿನಾ ತೋರಿಸಿ ಇಬ್ಬರ ಗಡಿಯಾರವನ್ನೂ ತಿದ್ದಬೇಕಿತ್ತು. ತಿದ್ದಿಲ್ಲವೆಂದರೆ ಕಣ್ಣು ಕುರುಡಾಗಿದೆ.

"ನಾನು ಮ್ಯಾಲ ಹೋಗಬೇಕ್ರಿ," ಎಂದಳು ಗಂಡನಿಗೆ.

"ಒಬ್ಬಾಕಿನ ಕಳಸ್ತೀನೇನು? ನಡಿ, ಹೋಗೂಣು."

ಜುಲೇಖಾ ಕೆಳಗೆ ಉಳಿದರು, ಇಬ್ಬರನ್ನೂ ಅವರವರ ಪೀಠದಲ್ಲಿ ಕೂರಿಸಿ, ಫೋನು ಕಿವಿಗೆ ಹಚ್ಚಿಕೊಂಡು. ಅಮರೇಶ್ವರಿ, ಹುಲಿಗೇಶ ಲಿಫ್ಟು ಹತ್ತಿದರು. ಅದು ಅದಿರು ಎತ್ತುತ್ತಿದ್ದ ಹಳೆಯ ಕಬ್ಬಿಣದ ಪಂಜರ. ಮೇಲೇರುತ್ತ ಗಾಳಿ ಬಿಸಿಯಾಗುತ್ತ ಬಂತು. ಅಮರೇಶ್ವರಿ ತಾಯಿಯ ಕಂಕುಳಲ್ಲಿ ಕೂತು ಕೆಳಗಿಳಿದವಳು. ಬೆಳೆದದ್ದು, ಓದಿದ್ದು ಎಲ್ಲ ಗವಿಯಲ್ಲೇ. ಮಳೆಗಾಲದಲ್ಲಿ ಎರಡು ಮೂರು ಸಲ ಮೇಲೆ ಬಂದಿದ್ದರೂ ಸೂರ್ಯ ಹುಟ್ಟುವುದನ್ನು ಎಂದೂ ಕಂಡಿರಲಿಲ್ಲ.

ಪಂಜರದ ಬಾಗಿಲು ತೆರೆದಾಗ ಇನ್ನೂ ಮಬ್ಬು. ಸುತ್ತ ಎಲ್ಲಿ ನೋಡಿದರೂ ಬಯಲು, ಬಂಡೆ, ಒಣಗಿದ ಜಾಲಿ. ತಲೆಯ ಮೇಲೆ ಚಾವಣಿಯೇ ಇಲ್ಲ! ಎಲ್ಲಿ ಮೇಲಕ್ಕೇ ಬಿದ್ದುಬಿಡುತ್ತೇನೋ ಎಂದು ಅಮರೇಶ್ವರಿ ಪಂಜರದ ಸರಳು ಹಿಡಿದುಕೊಂಡಳು. ಹುಲಿಗೇಶ ಅವಳ ಮುಂಗೈ ಹಿಡಿದ. ಹಾಗೇ ಹಿಡಿದುಕೊಂಡೇ ಇಬ್ಬರೂ ಗೋಪುರದ ಏಣಿಯವರೆಗೆ ನಡೆದರು.

ಅವಳು ಹತ್ತಿದಳು. ಅವನು ಹಿಂದಿನಿಂದ ನೀರಿನ ಬಾಟಲಿ, ಫೋನು ಹೊತ್ತು ಹತ್ತಿದ. ತುದಿಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಒಂದು ಹಿತ್ತಾಳೆಯ ಡಬ್ಬಿ. ಅದರ ಗಾಜಿನ ಮೇಲೆ ವರ್ಷಗಳ ಕೆಂಧೂಳು ಸುಣ್ಣದಂತೆ ಗಟ್ಟಿಯಾಗಿ ಕೂತಿತ್ತು. ಅವಳು ನೀರು ಹಾಕಿ ನೆನೆಸಿ, ಸೆರಗಿನಿಂದ ತಿಕ್ಕಿದಳು. ಕೆಂಪು ನೀರು ಮೊಣಕೈವರೆಗೆ ಇಳಿಯಿತು. ಕೊನೆಗೆ ಗಾಜು ಹೊಳೆಯಿತು.

"ಇಬ್ಬರಿಗೂ ಸೇರಿ ಒಂದ ಕಣ್ಣೇನು?" ಎಂದ ಹುಲಿಗೇಶ, ಹಿಂದಿನಿಂದ ಇಣುಕುತ್ತ.

ಅಮರೇಶ್ವರಿ ಬೆಚ್ಚಿದಳು. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಪರೀಕ್ಷಿಸಬೇಕೆಂದರೆ ಇಬ್ಬರಿಗೂ ಬೇರೆ ಬೇರೆ ಕಣ್ಣೇ ಇರಬೇಕು. ಡಬ್ಬಿಯ ಮೇಲೆ ಕೈಯಾಡಿಸಿದಳು. ಪಕ್ಕದಲ್ಲೇ ಇನ್ನೊಂದು ತೂತು. ಕಡಜದ ಹುಳು ಅದರೊಳಗೆ ಮಣ್ಣಿನ ಗೂಡು ಕಟ್ಟಿ ಮೆತ್ತಿಬಿಟ್ಟಿತ್ತು. ಬೆರಳು ಹೋಗುವಷ್ಟು ಜಾಗವಿಲ್ಲ. ಆಗಲೇ ಪೂರ್ವದ ಗುಡ್ಡದ ಅಂಚು ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು.

"ಆಪಾ, ಏನರ ಕಾಣಾಕತ್ತೈತೇನು?" ಎಂದು ಹುಲಿಗೇಶ ಫೋನಿನಲ್ಲಿ ಕೂಗಿದ.

"ಕಣ್ಣಿನ ತಂತಿಗೆ ಮೀಟರ್ ಹಚ್ಚಿ ನೋಡಾಕತ್ತೀನಪಾ, ಹಿರಿಯಾಕಿಗೆ ಬೆಳಕು ಬರಾಕತ್ತೈತಿ. ಕಿರಿಯಾಕಿಗೆ ಇನ್ನ ಕತ್ತಲಿ."

ಇವತ್ತು ತಪ್ಪಿದರೆ ನಾಳೆ ಬೆಳಗಿನವರೆಗೆ ಗವಿಯ ಗಾಳಿ ಉಳಿಯುತ್ತದೆಂದು ಹೇಳುವವರಿರಲಿಲ್ಲ. ಅಮರೇಶ್ವರಿ ತುರುಬಿನಿಂದ ಪಿನ್ನು ಕಿತ್ತು ಮಣ್ಣನ್ನು ಕೆರೆಯತೊಡಗಿದಳು. ಕೂದಲು ಬಿಚ್ಚಿ ಕಣ್ಣಿಗೆ ಬಂತು. ಹುಲಿಗೇಶ ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯಲ್ಲಿ ಅವಳ ಕೂದಲನ್ನು ಹಿಂದಕ್ಕೆ ಎತ್ತಿ ಹಿಡಿದ. ಗೂಡು ಹೆಂಟೆ ಹೆಂಟೆಯಾಗಿ ಉದುರಿತು. ಉಳಿದ ನೀರನ್ನೆಲ್ಲ ಸುರಿದು, ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು ಒಳಗೆ ತುರುಕಿ ತಿರುಗಿಸಿದಳು. ಎಳೆದು ತೆಗೆದಾಗ ಒಳಗೆ ಗಾಜು ಮಿನುಗಿತು.

ಅವಳು ಸರಿದು ಪಕ್ಕಕ್ಕೆ ಬರುವುದಕ್ಕೂ ಗುಡ್ಡದ ಮೇಲೆ ಸೂರ್ಯನ ಅಂಚು ಕಾಣಿಸುವುದಕ್ಕೂ ಸರಿಹೋಯಿತು.

ಅದು ಅವಳು ದಿನವೂ ಕಂಡ ಬೆಳಗಿನ ಹಾಗಿರಲಿಲ್ಲ. ನಸುಗೆಂಪಿನ ಮೃದುತನವೇ ಇಲ್ಲ. ಧೂಳು ತುಂಬಿದ ಆಕಾಶದಲ್ಲಿ ಸೂರ್ಯ ಕಾದ ಹಂಚಿನಂತೆ, ದೊಡ್ಡದಾಗಿ, ಯಾರ ಮರ್ಜಿಯೂ ಇಲ್ಲದೆ ಮೇಲೆ ಬಂದ. ಬಯಲೆಲ್ಲ ಒಮ್ಮೆಲೇ ಉದ್ದುದ್ದ ನೆರಳು. ಅವಳ ಮುಖಕ್ಕೆ ಶಾಖ ಬಡಿಯಿತು. ಕಣ್ಣು ಮುಚ್ಚಬೇಕೆನಿಸಿದರೂ ಮುಚ್ಚಲಿಲ್ಲ.

ಫೋನಿನಲ್ಲಿ ಸದ್ದಿಲ್ಲ.

ಸೂರ್ಯನ ಕೆಳಗಿನ ಅಂಚು ಗುಡ್ಡವನ್ನು ಬಿಟ್ಟಿತು. ಆಗ ಫೋನಿನೊಳಗಿಂದ, ಅಷ್ಟು ಆಳದಿಂದ, ಒಂದು ಸಿಳ್ಳು ಕೇಳಿಸಿತು. ಅದರ ಬೆನ್ನಿಗೇ ಇನ್ನೊಂದು.

"ಅಮರೀ!" ಜುಲೇಖಾ ಅಳುತ್ತಿದ್ದರೋ ನಗುತ್ತಿದ್ದರೋ. "ಇಬ್ಬರೂ ಎದ್ದರು! ಇಬ್ಬರೂ ಮುಂಜಾನಿ ಅಂತಾರ! ಲಗೂನ ಬರ್ರಿ, ಮುಗಿಲು ಹೊತ್ತಾಕತ್ತೈತಿ!"

ಹುಲಿಗೇಶ ಹಿಡಿದ ಕೂದಲನ್ನು ಬಿಡುವುದನ್ನೇ ಮರೆತು ನಿಂತಿದ್ದ. ಬಿಸಿಲು ಚುರುಗುಟ್ಟುವ ತನಕ ಇಬ್ಬರೂ ಅಲ್ಲೇ ನಿಂತರು. ಇಬ್ಬರಿಗೂ ಇಳಿಯುವ ಮನಸ್ಸಿರಲಿಲ್ಲ.

ಕೆಳಗೆ ಪಂಜರದ ಬಾಗಿಲು ತೆರೆದಾಗ ಜಯಕಾರ ಕೇಳಿಸೀತೆಂದು ಅಮರೇಶ್ವರಿ ಅಂದುಕೊಂಡಿದ್ದಳು. ಓಣಿಯ ತುಂಬ ಜನ ಮನೆಯಿಂದ ಹೊರಬಂದು ಮೇಲೆ ನೋಡುತ್ತ ಸುಮ್ಮನೆ ನಿಂತಿದ್ದರು. ಕೋಳಿಗಳು ಮಾತ್ರ ಕೂಗುತ್ತಿದ್ದವು. ಅವಳೂ ತಲೆಯೆತ್ತಿದಳು.

ಚಾವಣಿಯ ತುಂಬ ತಾನು ಈಗಷ್ಟೇ ಮೇಲೆ ಕಂಡ ಆಕಾಶ. ಅದೇ ಧೂಳು, ಅದೇ ತಾಮ್ರ, ಅದೇ ಕಾದ ಹಂಚು. ಇಷ್ಟು ವರ್ಷ ಕಣ್ಣು ಕಾಣದ ಹಿರಿಯಾಕಿ ಕಿರಿಯಾಕಿಯರು ಹಳೆಯ ಬೆಳಗುಗಳ ನೆನಪನ್ನು ನಿದ್ದೆಯಲ್ಲಿ ಮಗುಚಿ ಮಗುಚಿ, ಚೂಪನ್ನೆಲ್ಲ ಸವೆಸಿ, ಚೆಂದದ್ದನ್ನಷ್ಟೇ ಉಳಿಸಿಕೊಂಡು ಮುಗಿಲಿಗೆ ಬಳಿಯುತ್ತಿದ್ದರು. ಊರು ಇಷ್ಟು ದಿನ ಅವರ ಕನಸಿನ ಕೆಳಗೆ ಬದುಕಿತ್ತು.

"ಇದು ನಮ್ಮ ಮುಗಿಲಲ್ಲ," ಎಂದ ಯಾರೋ. "ನಮ್ಮದು ತಿರುಗಿ ಹಾಕಸ್ರಿ, ಗೌಡ್ರ." ಮಹಾಂತಗೌಡರು ಅಮರೇಶ್ವರಿಯ ಕಡೆ ನೋಡಿದರು. ಅವರು ಉದ್ದಕ್ಕೆ ಉಸಿರೆಳೆದುಕೊಂಡಿದ್ದು ಮಾತ್ರ ಎಲ್ಲರಿಗೂ ಕಾಣಿಸಿತು. ಮಡಿಗಳ ಮೇಲೆ ಆಗಲೇ ಬೆಳಕು ಬಿದ್ದಿತ್ತು.

ತಾಯಮ್ಮ ಗುಂಪನ್ನು ದಾಟಿ ಸೊಸೆಯ ಹತ್ತಿರ ಬಂದರು. ಅವಳ ಬಿಚ್ಚಿದ ಕೂದಲು, ಕೆಂಪಾದ ಸೆರಗು, ಮಣ್ಣು ಮೆತ್ತಿದ ಕೈ ನೋಡಿದರು. ಮತ್ತೆ ತಲೆಯೆತ್ತಿ ಮೇಲೆ ನೋಡಿದರು.

"ಮ್ಯಾಲ ಈಗ ಖರೇನ ಹಿಂಗ ಐತೇನವಾ?"

"ಹೌದ್ರಿ ಅತ್ತೀ. ಈಗ ಈ ಗಳಿಗ್ಯಾಗ ಹಿಂಗ ಐತಿ."

ಮುದುಕಿ ಮುಗಿಲಿನ ಅಂಚಿನವರೆಗೆ ಕಣ್ಣು ಹಾಯಿಸಿದರು. ಅವರ ಮುಖದ ಸುಕ್ಕುಗಳಲ್ಲಿ ತಾಮ್ರದ ಬೆಳಕು ತುಂಬಿಕೊಂಡಿತ್ತು. ಬಡಗಣ ಮೂಲೆಯಲ್ಲಿ, ಹಾಳೆಗಳ ಕೊನೆಯ ಅಂಚಿನಲ್ಲಿ, ಒಂದು ಚೂರು ಕರಿ ಮೋಡ ಕಾಣಿಸಿಕೊಂಡಿತ್ತು. ಗೋಪುರದ ಮೇಲೆ ನಿಂತಾಗ ಅಮರೇಶ್ವರಿಯೇ ಅದನ್ನು ನೋಡಿರಲಿಲ್ಲ.

"ನಾಳೆ ಮುಂಜಾನಿ ನನ್ನೂ ಕರಕೊಂಡು ಹೋಗು," ಎಂದರು ತಾಯಮ್ಮ. "ಆ ಮ್ವಾಡ ಮುಂದ ಬರ್ತೈತೋ ಇಲ್ಲೋ, ನಾನ ನಿಂತು ನೋಡತೀನಿ."